ಕಾಲೇಜ್ ಸ್ಟ್ರೀಟಿನಲ್ಲಿ ಒಂದು ದಿನ: ಕೋಲ್ಕತ್ತಕ್ಕೆ ಹೊರಟವರು ಪದೇ ಪದೇ ಕೇಳುವ ಪ್ರಶ್ನೆಗಳು

ಕೆಲಸದ ಮೇಲೆ ಕೆಲವು ವರ್ಷ ಕೋಲ್ಕತ್ತದಲ್ಲಿದ್ದೆ. ಈಗ ಊರಲ್ಲಿದ್ದೇನೆ, ಆದರೆ ನೆಂಟರು, ಸ್ನೇಹಿತರು ಯಾರು ಆ ಕಡೆ ಹೊರಟರೂ ನನಗೊಂದು ಫೋನ್ ಬರುತ್ತದೆ. ವಿಕ್ಟೋರಿಯಾ ಮೆಮೋರಿಯಲ್, ಹೌರಾ ಸೇತುವೆ, ಕಾಳಿಘಾಟ್ ಎಲ್ಲ ಅವರಿಗೇ ಗೊತ್ತಿರುತ್ತದೆ. ಕೊನೆಗೆ ಕೇಳುವುದು ಒಂದೇ: "ಆ ಪುಸ್ತಕದ ಬೀದಿ, ಕಾಲೇಜುಗಳೆಲ್ಲ ಇರೋದು, ಅಲ್ಲಿಗೆ ಹೋಗಬಹುದಾ?" ಪ್ರತಿ ಸಲ ಅದೇ ಉತ್ತರ ಹೇಳಿ ಹೇಳಿ ಬಾಯಿ ನೋವು ಬಂತು. ಅದಕ್ಕೆ ಬರೆದಿಟ್ಟಿದ್ದೇನೆ.

ಕಾಲೇಜ್ ಸ್ಟ್ರೀಟ್ ಅಂದ್ರೆ ಸರಿಯಾಗಿ ಎಲ್ಲಿ?

ಕೋಲ್ಕತ್ತದ ನಡುಭಾಗ. ದಕ್ಷಿಣಕ್ಕೆ ಬೌಬಜಾರ್, ಉತ್ತರಕ್ಕೆ ಮಹಾತ್ಮ ಗಾಂಧಿ ರಸ್ತೆ, ನಡುವೆ ಹೆಚ್ಚುಕಡಿಮೆ ಒಂದು ಕಿಲೋಮೀಟರ್ ಉದ್ದದ ರಸ್ತೆ. ಅದೇ ರಸ್ತೆ ಮುಂದೆ ಹೋಗಿ ಬಿಧಾನ್ ಸರಣಿ ಆಗುತ್ತದೆ. ಆದರೆ ಊರಿನವರು ಕಾಲೇಜ್ ಸ್ಟ್ರೀಟ್ ಅಂದರೆ ಬರೀ ರಸ್ತೆ ಅಲ್ಲ, ಅಕ್ಕಪಕ್ಕದ ಗಲ್ಲಿಗಳೂ ಸೇರಿ. ಬಂಗಾಳಿಯಲ್ಲಿ 'ಬೊಯ್ ಪಾಡಾ' ಅಂತಾರೆ. ಬೊಯ್ ಅಂದರೆ ಪುಸ್ತಕ, ಪಾಡಾ ಅಂದರೆ ಕೇರಿ. ಪುಸ್ತಕದ ಕೇರಿ.

ಒಂದೇ ರಸ್ತೆಯಲ್ಲಿ ಕಲ್ಕತ್ತ ವಿಶ್ವವಿದ್ಯಾಲಯ, ಪ್ರೆಸಿಡೆನ್ಸಿ, ಸಂಸ್ಕೃತ ಕಾಲೇಜು, ಮೆಡಿಕಲ್ ಕಾಲೇಜು, ಹಿಂದೂ ಸ್ಕೂಲು, ಹೇರ್ ಸ್ಕೂಲು. ಇವುಗಳ ಕಾಂಪೌಂಡಿಗೆ ಅಂಟಿಕೊಂಡೇ ತಗಡು, ಬಿದಿರು, ಹಲಗೆಯ ಪುಸ್ತಕದಂಗಡಿಗಳು. ನಮ್ಮ ಅವೆನ್ಯೂ ರೋಡಿನ ಹಳೇ ಪುಸ್ತಕದ ಸಾಲನ್ನು ಸೆಂಟ್ರಲ್ ಕಾಲೇಜಿನ ಗೋಡೆಗೆ ಒರಗಿಸಿ, ಹತ್ತಿಪ್ಪತ್ತು ಪಟ್ಟು ಹಿಗ್ಗಿಸಿದರೆ ಹೇಗಿರುತ್ತದೋ ಹಾಗೆ.

ಇದಕ್ಕೆ ಒಂದು ದಿನ ಪೂರ್ತಿ ಬೇಕಾ? ಎರಡು ಗಂಟೆಯಲ್ಲಿ ಮುಗಿಯಲ್ವಾ?

ಕಟ್ಟಡ ಎಣಿಸಿ ಫೋಟೋ ತೆಗೆದುಕೊಂಡು ಬರುವುದಾದರೆ ಎರಡು ಗಂಟೆ ಧಾರಾಳ ಸಾಕು. ಅಷ್ಟಕ್ಕೇ ಆದರೆ ಹೋಗುವುದೇ ಬೇಡ ಅಂತ ನಾನು ನೇರವಾಗಿ ಹೇಳಿಬಿಡುತ್ತೇನೆ. ಹೊರಗಿಂದ ನೋಡಿದರೆ ಅದು ಬಣ್ಣ ಮಾಸಿದ ಕಟ್ಟಡ, ಜೋತುಬಿದ್ದ ಕರೆಂಟ್ ವೈರು, ಹಾರ್ನು, ನೂಕುನುಗ್ಗಲು. ಈ ಕೇರಿ ಇರುವುದು ಕೂತು ಕಾಲ ಕಳೆಯುವುದಕ್ಕೆ. ಒಂದು ಅಂಗಡಿಯಲ್ಲಿ ಅರ್ಧ ಗಂಟೆ ಪುಟ ತಿರುವುವುದು, ಕಾಫಿ ಹೌಸಿನಲ್ಲಿ ಒಂದೂವರೆ ಗಂಟೆ ಸುಮ್ನೆ ಕೂರುವುದು, ಕೊಳದ ಮೆಟ್ಟಿಲ ಹತ್ತಿರ ಚಾ ಕುಡಿಯುವುದು. ಅದಕ್ಕೇ ದಿನ ಬೇಕು ಅನ್ನುವುದು. ನೋಡುವ ಪಟ್ಟಿ ಚಿಕ್ಕದಿರಲಿ.

ಹೋಗೋದು ಹೇಗೆ?

ಮೆಟ್ರೋ. ನೀಲಿ ಮಾರ್ಗದಲ್ಲಿ ಮಹಾತ್ಮ ಗಾಂಧಿ ರೋಡ್ ನಿಲ್ದಾಣದಲ್ಲಿ ಇಳಿದು, ಅದೇ ರಸ್ತೆಯಲ್ಲಿ ಪೂರ್ವಕ್ಕೆ ಹತ್ತು ನಿಮಿಷ ನಡೆದರೆ ಕಾಲೇಜ್ ಸ್ಟ್ರೀಟ್ ಮೂಲೆ. ಮೆಡಿಕಲ್ ಕಾಲೇಜಿನ ಕಡೆಯಿಂದ ಶುರು ಮಾಡುವವರು ಸೆಂಟ್ರಲ್ ನಿಲ್ದಾಣದಲ್ಲಿ ಇಳಿಯಬಹುದು. ಹೌರಾ ಸ್ಟೇಷನ್ನಿನಲ್ಲಿ ರೈಲು ಇಳಿದವರು ಹಸಿರು ಮಾರ್ಗದ ಮೆಟ್ರೋ ಹಿಡಿದು ಸಿಯಾಲ್ದಾಕ್ಕೆ ಬರಬಹುದು. ದಾರಿಯಲ್ಲಿ ಹೂಗ್ಲಿ ನದಿಯ ಅಡಿಯಲ್ಲೇ ರೈಲು ಹೋಗುತ್ತದೆ. ಸಿಯಾಲ್ದಾದಿಂದ ಕಾಲೇಜ್ ಸ್ಟ್ರೀಟಿಗೆ ಕಾಲ್ನಡಿಗೆಯ ದೂರ.

ಕಾರು ಬೇಡ. ನಿಲ್ಲಿಸಲು ಜಾಗವಿಲ್ಲ.

ಟ್ರಾಮ್ ಹತ್ತಬೇಕು ಅಂತ ಆಸೆ. ಅಲ್ಲಿ ಸಿಗುತ್ತಾ?

ನನ್ನ ಕಾಲದಲ್ಲಿ ಶ್ಯಾಮ್‌ಬಜಾರಿನಿಂದ ಎಸ್‌ಪ್ಲನೇಡಿಗೆ ಹೋಗುವ ಟ್ರಾಮ್ ಪ್ರೆಸಿಡೆನ್ಸಿ ಗೇಟಿನ ಮುಂದೆಯೇ ಕಿಣಿಕಿಣಿ ಅನ್ನುತ್ತಾ ಹೋಗುತ್ತಿತ್ತು. ಕಿಟಕಿಯಿಂದ ಕೈಚಾಚಿದರೆ ಪುಸ್ತಕ ಸಿಗುತ್ತದೇನೋ ಅನ್ನುವಷ್ಟು ಹತ್ತಿರ. ಈಚೆಗೆ ಊರಿನ ಟ್ರಾಮ್ ಮಾರ್ಗಗಳನ್ನು ಒಂದೊಂದಾಗಿ ಮುಚ್ಚುತ್ತಾ ಬಂದಿದ್ದಾರೆ. ಹಾಗಾಗಿ ಟ್ರಾಮ್ ನಂಬಿ ಹೊರಡಬೇಡಿ. ಕಂಡರೆ ಯೋಚನೆ ಮಾಡದೆ ಹತ್ತಿ.

ಯಾವ ದಿನ ಹೋಗಬೇಕು? ಯಾವ ತಿಂಗಳು ಒಳ್ಳೆಯದು?

ಭಾನುವಾರ ಹೋಗಬೇಡಿ. ಇದೊಂದನ್ನು ನೆನಪಿಟ್ಟುಕೊಂಡರೆ ಸಾಕು. ಭಾನುವಾರ ಅಂಗಡಿಗಳು ಬಹುಪಾಲು ಮುಚ್ಚಿರುತ್ತವೆ, ಹಸಿರು ಬಣ್ಣದ ಹಲಗೆ ಬಾಗಿಲುಗಳನ್ನು ನೋಡಿಕೊಂಡು ಬರಬೇಕಾಗುತ್ತದೆ. ವಾರದ ದಿನ ಬೆಳಿಗ್ಗೆ ಹತ್ತೂವರೆ, ಹನ್ನೊಂದರ ಹೊತ್ತಿಗೆ ಕೇರಿ ಪೂರ್ತಿ ಎದ್ದಿರುತ್ತದೆ.

ನವೆಂಬರಿನಿಂದ ಫೆಬ್ರವರಿವರೆಗೆ ಹವೆ ಚೆನ್ನ. ಏಪ್ರಿಲ್, ಮೇನಲ್ಲಿ ಮಂಗಳೂರಿನ ಸೆಕೆ ಅಭ್ಯಾಸ ಇದ್ದವರೂ ಬೆವರು ಒರೆಸಿಕೊಂಡು ಸುಸ್ತಾಗುತ್ತಾರೆ. ಆದರೆ ಏಪ್ರಿಲ್ ಮಧ್ಯದಲ್ಲಿ ಬಂಗಾಳಿ ಹೊಸ ವರ್ಷ ಬರುತ್ತದೆ, ಪೊಯ್ಲಾ ಬೊಯ್ಶಾಖ್. ಅವತ್ತು ಪ್ರಕಾಶಕರು ಅಂಗಡಿಗೆ ಬಂದ ಲೇಖಕರಿಗೆ, ಓದುಗರಿಗೆ ಸಿಹಿ ಕೊಟ್ಟು ಕೂರಿಸುತ್ತಾರೆ. ದುರ್ಗಾ ಪೂಜೆಯಲ್ಲಿ ಕಾಲೇಜ್ ಸ್ಕ್ವೇರ್ ಕೊಳದ ನೀರಿನಲ್ಲಿ ದೀಪಾಲಂಕಾರ ನೋಡಲು ಊರಿಗೆ ಊರೇ ಬರುತ್ತದೆ. ಆಗ ಪುಸ್ತಕದ ಆಸೆ ಬಿಡಿ.

ಮಳೆಗಾಲದಲ್ಲಿ ಇಲ್ಲಿ, ಅದರಲ್ಲೂ ಪಕ್ಕದ ಠನ್‌ಠನಿಯಾದಲ್ಲಿ, ಒಂದು ಜೋರು ಮಳೆಗೆ ಮೊಣಕಾಲುದ್ದ ನೀರು ನಿಲ್ಲುತ್ತದೆ. 2020ರ ಮೇನಲ್ಲಿ ಅಂಫಾನ್ ಚಂಡಮಾರುತ ಬಂದ ಮರುದಿನ ಈ ರಸ್ತೆಯ ತುಂಬ ಪುಸ್ತಕ ತೇಲುತ್ತಿದ್ದ ಚಿತ್ರ ನೀವೂ ನೋಡಿರಬಹುದು. ಲಾಕ್‌ಡೌನ್ ಹೊಡೆತದ ಮೇಲೆ ಅದೂ ಒಂದು. ಆಮೇಲೆ ಓದುಗರೇ ಚಂದಾ ಎತ್ತಿ ಅಂಗಡಿಯವರಿಗೆ ಕೈಲಾದಷ್ಟು ಕೊಟ್ಟರು.

ಇಷ್ಟೊಂದು ಕಾಲೇಜು ಒಂದೇ ಕಡೆ ಹೇಗೆ ಬಂದವು?

ಒಂದರ ಹಿಂದೆ ಒಂದು ಬಂದವು. ಶುರುವಾದದ್ದು 1817ರ ಹಿಂದೂ ಕಾಲೇಜಿನಿಂದ. ಅದನ್ನು ಕಟ್ಟಲು ಓಡಾಡಿದವರಲ್ಲಿ ಡೇವಿಡ್ ಹೇರ್ ಅನ್ನುವ ಸ್ಕಾಟ್ಲೆಂಡಿನವನೂ ಒಬ್ಬ. ಅವನ ಕಸುಬು ಗಡಿಯಾರ ಮಾಡುವುದು. ದೊರೆಯಲ್ಲ, ಪಾದ್ರಿಯಲ್ಲ. ಗಡಿಯಾರದ ವ್ಯಾಪಾರದಲ್ಲಿ ದುಡಿದದ್ದನ್ನು ಇಲ್ಲಿನ ಹುಡುಗರ ಓದಿಗೆ ಸುರಿದ. 1842ರಲ್ಲಿ ಕಾಲರಾ ಬಂದು ಸತ್ತಾಗ ಕ್ರೈಸ್ತ ಸ್ಮಶಾನದಲ್ಲಿ ಜಾಗ ಕೊಡಲಿಲ್ಲ, ಇವನು ನಾಸ್ತಿಕ ಅಂತ. ತಾನು ಕೊಟ್ಟ ನೆಲದಲ್ಲೇ, ಕಾಲೇಜ್ ಸ್ಕ್ವೇರಿನಲ್ಲೇ ಮಣ್ಣು ಮಾಡಿದರು. ಗೋರಿ ಈಗಲೂ ಅಲ್ಲೇ ಇದೆ. ಯಾರೂ ಅದರ ಕಡೆ ಜಾಸ್ತಿ ನೋಡುವುದಿಲ್ಲ. ನೀವು ಒಂದು ನಿಮಿಷ ನಿಲ್ಲಿ.

ಅದೇ ಹಿಂದೂ ಕಾಲೇಜಿಗೆ 1826ರಲ್ಲಿ ಹದಿನೇಳು ವರ್ಷದ ಹುಡುಗನೊಬ್ಬ ಮೇಷ್ಟ್ರಾಗಿ ಬಂದ, ಡಿರೋಜಿಯೋ. ಮಕ್ಕಳಿಗೆ ಎಲ್ಲವನ್ನೂ ಪ್ರಶ್ನೆ ಮಾಡಿ ಅಂತ ಕಲಿಸಿದ. ಹುಡುಗರು ಕೇಳಿಯೇಬಿಟ್ಟರು: ಜಾತಿ ಯಾಕೆ, ಇದನ್ನು ತಿಂದರೆ ಏನಾಗುತ್ತದೆ, ದೇವರು ಇದ್ದಾನಾ. ಊರಿನ ದೊಡ್ಡವರಿಗೆ ತಲೆಬಿಸಿ ಆಯಿತು. 1831ರಲ್ಲಿ ಕೆಲಸ ಬಿಡಿಸಿದರು. ಅದೇ ವರ್ಷದ ಕೊನೆಗೆ ಕಾಲರಾಕ್ಕೆ ಬಲಿಯಾದ, ಆಗ ಇಪ್ಪತ್ತೆರಡು ವರ್ಷ. ಆ ಕಾಲೇಜೇ 1855ರಲ್ಲಿ ಪ್ರೆಸಿಡೆನ್ಸಿ ಕಾಲೇಜು ಆಯಿತು, 2010ರಲ್ಲಿ ವಿಶ್ವವಿದ್ಯಾಲಯ.

ಸಂಸ್ಕೃತ ಕಾಲೇಜು 1824ರದು. ಬರೀ ಮೇಲ್ಜಾತಿ ಹುಡುಗರಿಗೆ ಇದ್ದ ಆ ಬಾಗಿಲನ್ನು ಉಳಿದವರಿಗೂ ತೆರೆದವರು ಅಲ್ಲಿನ ಪ್ರಿನ್ಸಿಪಾಲ್ ಈಶ್ವರಚಂದ್ರ ವಿದ್ಯಾಸಾಗರ. 1856ರಲ್ಲಿ ವಿಧವಾ ವಿವಾಹದ ಕಾನೂನು ಬರುವಂತೆ ಮಾಡಿದವರೂ ಅವರೇ. ಆ ವರ್ಷದ ಡಿಸೆಂಬರಿನಲ್ಲಿ ಕಾನೂನಿನ ಪ್ರಕಾರ ಮೊದಲ ವಿಧವಾ ವಿವಾಹ ನಡೆದದ್ದು ಇಲ್ಲಿಂದ ಸ್ವಲ್ಪವೇ ದೂರದ ಸುಕಿಯಾ ಸ್ಟ್ರೀಟಿನ ಮನೆಯೊಂದರಲ್ಲಿ. ಹುಡುಗ ಸಂಸ್ಕೃತ ಕಾಲೇಜಿನ ಪಂಡಿತ.

ಮೆಡಿಕಲ್ ಕಾಲೇಜು 1835ರದು. ಮರುವರ್ಷವೇ ಮಧುಸೂದನ ಗುಪ್ತ ಅನ್ನುವ ಆಯುರ್ವೇದ ಪಂಡಿತರು ಹೆಣ ಕೊಯ್ದು ಅಂಗರಚನೆ ಕಲಿತರು. ಹೆಣ ಮುಟ್ಟಿದರೆ ಜಾತಿ ಹೋಗುತ್ತಿದ್ದ ಕಾಲ ಅದು. ಆಮೇಲೆ 1857ರ ಜನವರಿ 24ರಂದು ವಿಶ್ವವಿದ್ಯಾಲಯ ಬಂತು. ಸಿಪಾಯಿ ದಂಗೆ ಶುರುವಾಗಲು ಇನ್ನೂ ಕೆಲವು ತಿಂಗಳು ಬಾಕಿ. ಮೊದಲ ಬಿಎ ಪಾಸಾದ ಇಬ್ಬರಲ್ಲಿ ಒಬ್ಬರು ಬಂಕಿಮಚಂದ್ರ ಚಟ್ಟೋಪಾಧ್ಯಾಯ. ನಮ್ಮ ಮುತ್ತಜ್ಜಿಯರ ಕಾಲದವರು ಬಿ. ವೆಂಕಟಾಚಾರ್ಯರ ಅನುವಾದದಲ್ಲಿ ಓದಿ ಕಣ್ಣೀರು ಹಾಕಿದ್ದು ಇದೇ ಬಂಕಿಮರ ಕಾದಂಬರಿಗಳಿಗೆ.

ಹುಡುಗರು ಬಂದ ಮೇಲೆ ಪಠ್ಯಪುಸ್ತಕದ ಅಂಗಡಿ ಬಂದವು, ಅದರ ಹಿಂದೆ ಪ್ರೆಸ್ಸು, ಬೈಂಡಿಂಗಿನವರು, ಮೆಸ್ಸು, ತಿಂಡಿ ಹೋಟೆಲು. ಹಾಗೆ ಕೇರಿ ಬೆಳೆಯಿತು.

ಕಾಲೇಜುಗಳ ಒಳಗೆ ಬಿಡ್ತಾರಾ?

ಸಾಮಾನ್ಯವಾಗಿ ಇಲ್ಲ. ಗೇಟಿನಲ್ಲಿ ಗುರುತಿನ ಚೀಟಿ ಕೇಳುತ್ತಾರೆ. ಪ್ರೆಸಿಡೆನ್ಸಿಯಲ್ಲಿ ಕಾರ್ಯಕ್ರಮ ಇದ್ದರೆ, ಅಥವಾ ಅಲ್ಲಿ ಓದುವವರು ಪರಿಚಯವಿದ್ದರೆ ಸುಲಭ. ಒಳಗೆ ಹೋದರೆ ಮುಖ್ಯ ಕಟ್ಟಡದ ದೊಡ್ಡ ಮೆಟ್ಟಿಲು ನೋಡಿ. 1916ರಲ್ಲಿ ಓಟನ್ ಅನ್ನುವ ಬ್ರಿಟಿಷ್ ಪ್ರೊಫೆಸರಿಗೆ ವಿದ್ಯಾರ್ಥಿಗಳಿಂದ ಏಟು ಬಿದ್ದದ್ದು ಈ ಕಾಲೇಜಿನಲ್ಲೇ. ಆ ಗಲಾಟೆಯಲ್ಲಿ ಕಾಲೇಜಿನಿಂದ ಹೊರಬಿದ್ದವರಲ್ಲಿ ಸುಭಾಷ್ ಚಂದ್ರ ಬೋಸ್ ಒಬ್ಬರು. ಜಗದೀಶಚಂದ್ರ ಬೋಸ್, ಪ್ರಫುಲ್ಲಚಂದ್ರ ರಾಯ್ ಪಾಠ ಮಾಡಿದ್ದು ಇಲ್ಲೇ. ಸತ್ಯೇಂದ್ರನಾಥ ಬೋಸ್ ಮತ್ತು ಮೇಘನಾದ ಸಾಹಾ ಒಂದೇ ಕ್ಲಾಸಿನಲ್ಲಿ ಕೂತಿದ್ದು, ಅಮರ್ತ್ಯ ಸೇನ್ ಓದಿದ್ದು ಎಲ್ಲ ಇಲ್ಲೇ.

ವಿಶ್ವವಿದ್ಯಾಲಯದ ಹಳೆಯ ಸೆನೆಟ್ ಹೌಸ್ ಹುಡುಕಬೇಡಿ. ಸಾಲುಗಂಬದ ಆ ಚಂದದ ಕಟ್ಟಡವನ್ನು 1960ರಲ್ಲಿ ಕೆಡವಿಬಿಟ್ಟರು. ಅದರ ಜಾಗದಲ್ಲಿ ಶತಮಾನೋತ್ಸವದ ಕಟ್ಟಡ ಇದೆ. ಹಳೇ ಫೋಟೋ ನೋಡಿದವರಿಗೆ ಹೊಸದು ನೋಡಿದರೆ ಹೊಟ್ಟೆ ಉರಿಯುತ್ತದೆ. ಅಲ್ಲೇ ಆಶುತೋಷ್ ಮ್ಯೂಸಿಯಂ ಇದೆ, 1937ರದು, ನಮ್ಮ ದೇಶದಲ್ಲಿ ವಿಶ್ವವಿದ್ಯಾಲಯವೊಂದು ತೆರೆದ ಮೊದಲ ಮ್ಯೂಸಿಯಂ. ತೆರೆದಿದೆಯಾ ಅಂತ ಗೇಟಿನಲ್ಲಿ ವಿಚಾರಿಸಿ. ಪಾಲ ಅರಸರ ಕಾಲದ ಕರಿಕಲ್ಲಿನ ವಿಗ್ರಹ, ಬಂಗಾಳದ ಸುಟ್ಟಮಣ್ಣಿನ ಕೆಲಸ, ಹಳ್ಳಿ ಹೆಂಗಸರು ಹೊಲಿದ ಕಾಂಥಾ ಕೌದಿ ಇವೆ. ನಮ್ಮ ಉತ್ತರ ಕರ್ನಾಟಕದ ಕೌದಿ ಕಂಡವರಿಗೆ ಆ ಕಾಂಥಾದ ಮುಂದಿನಿಂದ ಕಾಲು ಕೀಳುವುದು ಕಷ್ಟ.

ಗೋಲ್‌ದಿಘಿ ಅಂದ್ರೆ ಏನು? ಎಲ್ಲರೂ ಅದನ್ನೇ ಹೇಳ್ತಾರೆ.

ಕಾಲೇಜ್ ಸ್ಕ್ವೇರಿನ ಕೊಳ. ಗೋಲ್‌ದಿಘಿ ಅಂದರೆ ದುಂಡನೆಯ ಕೆರೆ. ಹೋಗಿ ನೋಡಿದರೆ ಚೌಕ! ಯಾಕೆ ಅಂತ ಕೇಳಿದರೆ ಅಲ್ಲಿನವರು ನಕ್ಕು ಸುಮ್ಮನಾಗುತ್ತಾರೆ. ಅದರಲ್ಲಿ ಈಜು ಕ್ಲಬ್ಬುಗಳಿವೆ, ಸಣ್ಣ ಮಕ್ಕಳು ಸಾಲಾಗಿ ಧುಮುಕುವುದನ್ನು ನೋಡಬಹುದು. ಸುತ್ತ ಬೆಂಚು, ಮರ, ವಿದ್ಯಾಸಾಗರರ ಪ್ರತಿಮೆ. ಮಧ್ಯಾಹ್ನ ಕಾಲು ನೋವು ಬಂದಾಗ ಕೂರಲು ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ಪೂರ್ವದ ಕಡೆ ಶ್ರೀಲಂಕಾದ ಅನಗಾರಿಕ ಧರ್ಮಪಾಲರ ಮಹಾಬೋಧಿ ಸೊಸೈಟಿಯ ಬೌದ್ಧ ವಿಹಾರ ಇದೆ. ಒಳಗೆ ತಂಪು, ಸದ್ದಿಲ್ಲ. ಹಾರ್ನು ಕೇಳಿ ತಲೆ ಚಿಟ್ಟು ಹಿಡಿದಿದ್ದರೆ ಹೋಗಿ ಹತ್ತು ನಿಮಿಷ ಕೂತು ಬನ್ನಿ.

ಕಾಫಿ ಹೌಸ್ ಅಷ್ಟೊಂದು ದೊಡ್ಡ ವಿಷಯನಾ? ಕಾಫಿ ಹೇಗಿರುತ್ತೆ?

ಮೊದಲು ಎರಡನೆಯದಕ್ಕೆ ಉತ್ತರ. ನಮ್ಮ ಫಿಲ್ಟರ್ ಕಾಫಿ ಕುಡಿದು ಬೆಳೆದ ನಾಲಿಗೆಗೆ ಅದು ಸಾಧಾರಣ. ಅಲ್ಲಿ ಹಾಲಿಲ್ಲದ ಕಪ್ಪು ಕಾಫಿಗೆ 'ಇನ್‌ಫ್ಯೂಷನ್' ಅಂತ ಹೆಸರು. ಬಿಳಿ ಪಿಂಗಾಣಿ ಕಪ್ಪಿನಲ್ಲಿ ಬರುತ್ತದೆ, ಮೊದಲ ಗುಟುಕಿಗೆ ಮುಖ ಕಿವುಚಬಹುದು. ಎರಡನೇ ಕಪ್ಪಿಗೆ ಹೊಂದಿಕೊಳ್ಳುತ್ತೀರಿ. ಕೋಲ್ಡ್ ಕಾಫಿ ಮಕ್ಕಳಿಗೆ ಇಷ್ಟವಾಗುತ್ತದೆ.

ಈಗ ಮೊದಲನೆಯದು. ಬಂಕಿಮ್ ಚಟರ್ಜಿ ಸ್ಟ್ರೀಟಿನಲ್ಲಿ ಪುಸ್ತಕದಂಗಡಿಗಳ ನಡುವೆ ಒಂದು ಹಳೇ ಮೆಟ್ಟಿಲು. ಗೋಡೆ ತುಂಬ ಪೋಸ್ಟರು: ಸಭೆ, ಟ್ಯೂಷನ್, ನಾಟಕ. ಹತ್ತಿ ಒಳಗೆ ಕಾಲಿಟ್ಟರೆ ಜೇನುಗೂಡಿನಂಥ ಗುಂಯ್ ಸದ್ದು. ಎತ್ತರದ ಛಾವಣಿ, ಉದ್ದ ಕಂಬಿಯ ಫ್ಯಾನು, ಗೋಡೆಯ ಮೇಲೆ ರವೀಂದ್ರರ ದೊಡ್ಡ ಚಿತ್ರ, ಸುತ್ತ ಮೇಲಂತಸ್ತಿನ ಬಾಲ್ಕನಿ. ಬಿಳಿ ಬಟ್ಟೆ, ಬೀಸಣಿಗೆಯಂಥ ತುರಾಯಿ ಇರುವ ಪೇಟ ತೊಟ್ಟ ಮಾಣಿಗಳು. ಬೆಂಗಳೂರಿನ ಚರ್ಚ್ ಸ್ಟ್ರೀಟಿನ ಇಂಡಿಯನ್ ಕಾಫಿ ಹೌಸ್ ನೋಡಿದವರಿಗೆ ಆ ಪೇಟ ಕಂಡರೆ ಒಮ್ಮೆ ಊರು ನೆನಪಾಗುತ್ತದೆ.

ಅದು ಕಾಕತಾಳೀಯ ಅಲ್ಲ. ಈ ಸಭಾಂಗಣ 1876ರ ಆಲ್ಬರ್ಟ್ ಹಾಲ್, ರಾಜಕೀಯ ಸಭೆಗಳ ಜಾಗ. 1942ರಲ್ಲಿ ಇಲ್ಲಿ ಕಾಫಿ ಹೌಸ್ ಬಂತು. ತೆರೆದದ್ದು ಕಾಫಿ ಮಂಡಳಿ, ನಮ್ಮ ಕೊಡಗು ಚಿಕ್ಕಮಗಳೂರಿನ ಬೀಜಕ್ಕೆ ದೇಶದೊಳಗೆ ಗಿರಾಕಿ ಹುಡುಕಲು. ಚಾ ಕುಡಿಯುವ ಊರಿಗೆ ಕಾಫಿ ಮಾರಬೇಕಿತ್ತು ನೋಡಿ. 1950ರ ದಶಕದಲ್ಲಿ ಮಂಡಳಿ ಕೈಬಿಟ್ಟಾಗ ಕೆಲಸಗಾರರೇ ಸಹಕಾರ ಸಂಘ ಕಟ್ಟಿಕೊಂಡು ಕಾಫಿ ಹೌಸುಗಳನ್ನು ನಡೆಸಿದರು. ಅಂಥ ಮೊದಲ ಸಂಘ ಹುಟ್ಟಿದ್ದು 1957ರಲ್ಲಿ, ಬೆಂಗಳೂರಿನಲ್ಲಿ. ಮರುವರ್ಷ ಕಾಲೇಜ್ ಸ್ಟ್ರೀಟಿನ ಕಾಫಿ ಹೌಸಿಗೆ ಬಾಗಿಲು ಬಿದ್ದಾಗ ಪ್ರೊಫೆಸರುಗಳು ಸರ್ಕಾರದ ಬೆನ್ನು ಹತ್ತಿ ಮತ್ತೆ ತೆರೆಸಿದರು. ಕಾಫಿ ಹೌಸ್ ಮುಚ್ಚಿತು ಅಂತ ವಿಶ್ವವಿದ್ಯಾಲಯದ ಮೇಷ್ಟ್ರುಗಳು ಅರ್ಜಿ ಹಿಡಿದು ಓಡಾಡಿದ ಊರು ಇದು.

ಅಲ್ಲಿನ ನಡವಳಿಕೆ ಸ್ವಲ್ಪ ತಿಳಿದಿರಲಿ. ಯಾರೂ ಬಂದು ಕೂರಿಸುವುದಿಲ್ಲ. ಖಾಲಿ ಕುರ್ಚಿ ಕಂಡರೆ ಕೇಳಿ ಕೂರಬೇಕು. ಮಾಣಿ ತನಗೆ ಬೇಕಾದಾಗ ಬರುತ್ತಾನೆ. ಒಂದು ಕಪ್ಪಿಗೆ ಮೂರು ಗಂಟೆ ಕೂತರೂ ಎದ್ದೇಳಿ ಅನ್ನುವುದಿಲ್ಲ. ಪಕ್ಕದ ಮೇಜಿನವರು ಜಗಳ ಆಡುತ್ತಿದ್ದಾರೆ ಅನ್ನಿಸಿದರೆ ಗಾಬರಿ ಬೇಡ. ಅದು ಫುಟ್‌ಬಾಲ್ ಅಥವಾ ಕವಿತೆಯ ವಿಷಯ ಇರುತ್ತದೆ. ಅದನ್ನೇ 'ಅಡ್ಡಾ' ಅನ್ನುವುದು. ನಮ್ಮಲ್ಲಿ ಕಟ್ಟೆ ಹರಟೆ ಅಂತೀವಲ್ಲ, ಅದಕ್ಕೆ ಛಾವಣಿ, ಫ್ಯಾನು ಹಾಕಿದ ಹಾಗೆ.

ಪುಸ್ತಕ ಕೊಳ್ಳೋದು ಹೇಗೆ? ಚೌಕಾಸಿ ಮಾಡಬಹುದಾ? ಮೋಸ ಇದೆಯಾ?

ಫುಟ್‌ಪಾತಿನಲ್ಲಿ ನಡೆಯುತ್ತಿದ್ದಂತೆ ಎರಡೂ ಕಡೆಯಿಂದ ಕೂಗು ಶುರು: "ದಾದಾ, ಕೀ ಬೊಯ್ ಲಾಗ್ಬೆ?" ಅಣ್ಣಾ, ಯಾವ ಪುಸ್ತಕ ಬೇಕು? ಹೆಂಗಸರಾದರೆ "ದೀದಿ". ಬೇಕಾದ ಪುಸ್ತಕದ ಹೆಸರು ಹೇಳಿ ನೋಡಿ. ಅವನ ಹತ್ತಿರ ಇಲ್ಲದಿದ್ದರೆ ಒಬ್ಬ ಹುಡುಗನನ್ನು ಓಡಿಸುತ್ತಾನೆ. ಐದು ನಿಮಿಷದಲ್ಲಿ ನಾಲ್ಕನೇ ಗಲ್ಲಿಯಿಂದ ಪುಸ್ತಕ ಬಂದಿರುತ್ತದೆ. ಕಂಪ್ಯೂಟರಿಲ್ಲ, ಪಟ್ಟಿಯಿಲ್ಲ. ಎಲ್ಲ ತಲೆಯಲ್ಲೇ.

ರಸ್ತೆ ಬದಿಯಲ್ಲಿ ಸಿಗುವುದು ಬಹುಪಾಲು ಪರೀಕ್ಷೆಯ ಗೈಡು, ಮೆಡಿಕಲ್, ಇಂಜಿನಿಯರಿಂಗ್ ಪಠ್ಯ. ಕಥೆ ಕಾದಂಬರಿ, ಇತಿಹಾಸ ಬೇಕಾದವರು ತಾಳ್ಮೆಯಿಂದ ಹುಡುಕಬೇಕು. ಹಳೇ ಪುಸ್ತಕಕ್ಕೆ ಚೌಕಾಸಿ ಮಾಡಲೇಬೇಕು, ಅವರೂ ಅದನ್ನೇ ನಿರೀಕ್ಷಿಸುತ್ತಾರೆ. ಹೊಸದಕ್ಕೆ ಅಂಗಡಿಯವರೇ ಮುದ್ರಿತ ಬೆಲೆಯಲ್ಲಿ ಒಂದಿಷ್ಟು ಬಿಡುತ್ತಾರೆ. ಹೊಸ ಪುಸ್ತಕಕ್ಕೆ 1886ರಿಂದ ಇರುವ ದಾಸ್‌ಗುಪ್ತಾ ಆ್ಯಂಡ್ ಕಂಪನಿಗೆ ಹೋಗಿ. ನೆಲದಿಂದ ಛಾವಣಿವರೆಗೆ ಕಪಾಟು. ಬಂಗಾಳಿ ಓದುವವರು ಮೂಲೆಯ ಪಾತಿರಾಮ್‌ಗೆ ಹೋಗಬೇಕು, ಸಣ್ಣಪುಟ್ಟ ಸಾಹಿತ್ಯ ಪತ್ರಿಕೆಗಳೆಲ್ಲ ಅಲ್ಲಿ ಸಿಗುತ್ತವೆ. ಒಂದು ಎಚ್ಚರಿಕೆ: ಪಾತಿರಾಮ್ ಪತ್ರಿಕೆಯ ಅಂಗಡಿ, ಪುಟಿರಾಮ್ ತಿಂಡಿಯ ಅಂಗಡಿ. ನಾನು ಹಸಿದ ಹೊಟ್ಟೆಯಲ್ಲಿ ಮೊದಲನೆಯದರ ಮುಂದೆ ಹೋಗಿ ನಿಂತಿದ್ದೇನೆ.

ಮೋಸ ಅಂತ ಹೇಳಲಾರೆ, ಆದರೆ ಕಣ್ಣು ತೆರೆದಿರಲಿ. ಒಮ್ಮೆ ಹಳೇ ನಿಘಂಟೊಂದು ಸಿಕ್ಕಿತು. ಚರ್ಮದ ಬೆನ್ನು, ಒಳಗೆ ಯಾರೋ ಮಸಿಪೆನ್ನಿನಲ್ಲಿ ಬರೆದ ಹೆಸರು, ಗೆದ್ದಲು ಮುಟ್ಟಿಲ್ಲ. ಅರ್ಧ ಬೆಲೆಗೆ ಇಳಿಸಿದೆ ಅಂತ ಬೀಗುತ್ತಾ ರೂಮಿಗೆ ಬಂದೆ. ರಾತ್ರಿ ನೋಡಿದರೆ 160ನೇ ಪುಟ ಆದಮೇಲೆ 177. ಒಂದು ಫಾರಂ, ಅಂದರೆ ಒಟ್ಟಿಗೆ ಮಡಚಿ ಹೊಲಿಯುವ ಹದಿನಾರು ಪುಟ, ಪೂರ್ತಿ ಬೈಂಡಿಂಗಿನಲ್ಲೇ ಬಿಟ್ಟುಹೋಗಿತ್ತು. ಮರುದಿನ ಹೋದರೆ ಅದೇ ಅಂಗಡಿ ಯಾವುದು ಅಂತಲೇ ಗುರುತು ಸಿಗಲಿಲ್ಲ, ಎಲ್ಲ ಒಂದೇ ಥರ. ಈಗ ಕೊಳ್ಳುವ ಮುಂಚೆ ಹದಿನಾರು ಹದಿನಾರು ಪುಟಕ್ಕೆ ಬೆರಳಿಟ್ಟು ನೋಡುತ್ತೇನೆ. ನೀವೂ ನೋಡಿ. ಆ ನಿಘಂಟು ಇನ್ನೂ ನನ್ನ ಹತ್ತಿರ ಇದೆ. ನನಗೆ ಬೇಕಾದ ಪದ ಮಾತ್ರ ಯಾವಾಗಲೂ ಆ ಹದಿನಾರು ಪುಟದಲ್ಲೇ ಇರುತ್ತದೆ.

ಜಾಸ್ತಿ ಪುಸ್ತಕ ಕೊಂಡರೆ ಊರಿಗೆ ತರೋದು?

ಅಂಗಡಿಯವರು ಸೆಣಬಿನ ದಾರದಲ್ಲಿ ಕಟ್ಟಿ ಕೊಡುತ್ತಾರೆ. ಆ ಗಂಟು ಬಿಚ್ಚುವುದಿಲ್ಲ, ಕತ್ತರಿಯೇ ಬೇಕು. ವಿಮಾನದಲ್ಲಿ ಬರುವವರು ತೂಕ ನೆನಪಿಟ್ಟುಕೊಳ್ಳಿ. ಹತ್ತು ಕೆಜಿ ದಾಟಿತು ಅನ್ನಿಸಿದರೆ ಅಂಚೆ ಕಚೇರಿಯಲ್ಲಿ ಪಾರ್ಸೆಲ್ ಮಾಡಿ. ರೈಲಿನಲ್ಲಿ ಬರುವವರಿಗೆ ಚಿಂತೆಯಿಲ್ಲ.

ಬಂಗಾಳಿ ಬರಲ್ಲ. ತೊಂದರೆ ಆಗುತ್ತಾ?

ಇಲ್ಲ. ಹಿಂದಿ, ಇಂಗ್ಲಿಷ್ ಎರಡೂ ನಡೆಯುತ್ತವೆ. ಆದರೂ ಎರಡು ಮಾತು ಕಲಿತು ಹೋಗಿ. "ಏಇ ಬೊಯ್‌ಟಾ ಕೊತೊ?" ಅಂದರೆ ಈ ಪುಸ್ತಕ ಎಷ್ಟು. "ಏಕ್ಟು ಕೊಮಾನ್" ಅಂದರೆ ಸ್ವಲ್ಪ ಕಡಿಮೆ ಮಾಡಿ. ನಿಮ್ಮ ಉಚ್ಚಾರ ಕೇಳಿ ನಗುತ್ತಾರೆ, ಆಮೇಲೆ ಬೆಲೆ ಇಳಿಸುತ್ತಾರೆ.

ನಾವು ಸಸ್ಯಾಹಾರಿಗಳು. ಊಟಕ್ಕೆ ಏನು ಮಾಡೋದು?

'ನಿರಾಮಿಷ್' ಅನ್ನುವ ಪದ ಬಾಯಿಪಾಠ ಮಾಡಿಕೊಳ್ಳಿ. ವೆಜ್ ಅಂತ ಸುಮ್ನೆ ಹೇಳಿದರೆ ಸಾಲದು. ಬೇಳೆ ಸಾರಿನಲ್ಲಿ ಮೀನಿನ ತಲೆ ಇರುವ ಊರು ಅದು. ಎಣ್ಣೆ ಸಾಸಿವೆಯದು, ಘಾಟು ಮೂಗಿಗೆ ಹೊಡೆಯುತ್ತದೆ.

ಬೆಳಗಿನ ತಿಂಡಿಗೆ ಸೂರ್ಯ ಸೇನ್ ಸ್ಟ್ರೀಟಿನ ಪುಟಿರಾಮ್. ಬಿಸಿ ಕೊಚೂರಿ, ಕಡಲೆಬೇಳೆಯ ಸಿಹಿಖಾರ ದಾಲ್. ರಾಧಾಬಲ್ಲವಿ ಸಿಕ್ಕರೆ ಬಿಡಬೇಡಿ, ಬೇಳೆ ತುಂಬಿದ ಪೂರಿ ಅದು. ಮಧ್ಯಾಹ್ನದ ಬಿಸಿಲಿಗೆ ಕಾಲೇಜ್ ಸ್ಕ್ವೇರ್ ಪಕ್ಕದ ಪ್ಯಾರಾಮೌಂಟ್. 1918ರಿಂದ ಇದೆ. ಅಮೃತಶಿಲೆಯ ಮೇಜು, ಗೋಡೆಯ ಮೇಲೆ ಜಿಂಕೆ ಕೊಂಬು. ಅಲ್ಲಿನ 'ಡಾಬ್ ಶರಬತ್' ಅಂದರೆ ಎಳನೀರಿನ ಶರಬತ್ತು, ತಳದಲ್ಲಿ ಗಂಜಿ. ಪ್ರಫುಲ್ಲಚಂದ್ರ ರಾಯ್ ಹೇಳಿಕೊಟ್ಟ ಪಾಕ ಅಂತ ಅಂಗಡಿಯವರ ಮಾತು. ಎಳನೀರಿಗೆ ಸಕ್ಕರೆ ಯಾಕೆ ಅಂತ ಮಂಡ್ಯ, ಮದ್ದೂರಿನ ಕಡೆಯವರು ಮೂಗು ಮುರಿಯಬಹುದು. ಒಂದು ಸಲ ಕುಡಿದು ನೋಡಿ, ಆಮೇಲೆ ಮಾತಾಡೋಣ.

ಸಂಜೆ ಕಾಲಿಕಾ ಅಂಗಡಿಯಲ್ಲಿ ಬಿಸಿ ಬಜ್ಜಿ. ಬದನೆಕಾಯಿ ಬಜ್ಜಿಗೆ 'ಬೇಗುನಿ' ಅಂತಾರೆ. ಜೊತೆಗೆ ಮಂಡಕ್ಕಿ. ದಾವಣಗೆರೆಯವರಿಗೆ ಹೊಸದಾಗಿ ಏನೂ ಹೇಳಬೇಕಾಗಿಲ್ಲ. ಅದೇ ಬಾಣಲೆಯಲ್ಲಿ ಮೀನಿನದೂ ಕರಿದಿರಬಹುದು, ಕಟ್ಟುನಿಟ್ಟಿನವರು ಕೇಳಿಕೊಳ್ಳಿ.

ಮೀನು ತಿನ್ನುವವರಿಗೆ ಭವಾನಿ ದತ್ತ ಲೇನಿನ ಸ್ವಾಧೀನ್ ಭಾರತ್ ಹಿಂದೂ ಹೋಟೆಲ್. ಮೊದಲು ಬರೀ ಹಿಂದೂ ಹೋಟೆಲ್, ಸ್ವಾತಂತ್ರ್ಯ ಬಂದ ಮೇಲೆ ಸ್ವಾಧೀನ್ ಭಾರತ್ ಸೇರಿತು. ವಿದ್ಯಾರ್ಥಿಯಾಗಿದ್ದಾಗ ಸುಭಾಷ್ ಬೋಸ್ ಇಲ್ಲಿ ಉಣ್ಣುತ್ತಿದ್ದರು ಅಂತ ಹೇಳಿಕೊಳ್ಳುತ್ತಾರೆ. ಬಾಳೆ ಎಲೆ ಊಟ. ಇಂಥ ಹೋಟೆಲುಗಳನ್ನು 'ಪೈಸ್ ಹೋಟೆಲ್' ಅನ್ನುತ್ತಾರೆ, ಒಂದೊಂದಕ್ಕೂ ಬೇರೆ ಬೇರೆ ಲೆಕ್ಕ. ಅನ್ನ ಇಷ್ಟು, ಪಲ್ಯ ಇಷ್ಟು, ಬಾಳೆ ಎಲೆಗೂ ಇಷ್ಟು.

ನಮ್ಮ ಕರ್ನಾಟಕಕ್ಕೂ ಈ ಕೇರಿಗೂ ಏನಾದರೂ ನಂಟಿದೆಯಾ?

ಇದನ್ನು ಕೇಳಿದರೆ ನನಗೆ ಖುಷಿ. ವಿಶ್ವವಿದ್ಯಾಲಯದಲ್ಲಿ ಐದನೇ ಜಾರ್ಜ್ ಹೆಸರಿನ ತತ್ವಶಾಸ್ತ್ರ ಪೀಠ ಇತ್ತು. ಅದರಲ್ಲಿ ಕೂತಿದ್ದವರು ಬ್ರಜೇಂದ್ರನಾಥ ಸೀಲ್. 1921ರಲ್ಲಿ ಅವರು ಮೈಸೂರು ವಿಶ್ವವಿದ್ಯಾಲಯಕ್ಕೆ ಕುಲಪತಿಯಾಗಿ ಬಂದರು. ಖಾಲಿಯಾದ ಕುರ್ಚಿಗೆ, ಕಲ್ಕತ್ತ ವಿಶ್ವವಿದ್ಯಾಲಯದ ಚುಕ್ಕಾಣಿ ಹಿಡಿದಿದ್ದ ಆಶುತೋಷ್ ಮುಖರ್ಜಿಯವರು ಕರೆಸಿಕೊಂಡದ್ದು ಯಾರನ್ನು? ಮೈಸೂರಿನ ಮಹಾರಾಜಾ ಕಾಲೇಜಿನ ಮೇಷ್ಟ್ರು ರಾಧಾಕೃಷ್ಣನ್ ಅವರನ್ನು. ಅವತ್ತು ಹುಡುಗರು ಹೂವಿನ ಸಾರೋಟಿನ ಕುದುರೆ ಬಿಚ್ಚಿ, ತಾವೇ ಎಳೆದುಕೊಂಡು ರೈಲ್ವೆ ಸ್ಟೇಷನ್ನಿಗೆ ಬಿಟ್ಟುಬಂದ ಕಥೆ ಮೈಸೂರಿನಲ್ಲಿ ಎಲ್ಲರಿಗೂ ಗೊತ್ತು. ಆ ರೈಲಿನ ಇನ್ನೊಂದು ತುದಿ ಈ ರಸ್ತೆ. ಒಂದು ಥರ ಕೊಡು ಕೊಳ್ಳುವಿಕೆ, ಅಲ್ವಾ?

ಇನ್ನೊಬ್ಬರು ಸಿ.ವಿ. ರಾಮನ್. 1907ರಲ್ಲಿ ಸರ್ಕಾರಿ ಲೆಕ್ಕಪತ್ರ ಇಲಾಖೆಯ ಅಧಿಕಾರಿಯಾಗಿ ಕಲ್ಕತ್ತಕ್ಕೆ ಬಂದರು. ಟ್ರಾಮಿನಿಂದ ಒಂದು ಬೋರ್ಡು ನೋಡಿ ಇಳಿದು ಬಾಗಿಲು ತಟ್ಟಿದರಂತೆ. ಬೌಬಜಾರ್ ಸ್ಟ್ರೀಟಿನ 210ನೇ ನಂಬರಿನ ವಿಜ್ಞಾನ ಸಂಘ ಅದು. ಹಗಲು ಆಫೀಸು, ಬೆಳಿಗ್ಗೆ ಸಂಜೆ ಅಲ್ಲಿ ಪ್ರಯೋಗ. 1917ರಲ್ಲಿ ಆ ಸಂಬಳದ ಕೆಲಸ ಬಿಟ್ಟು ವಿಶ್ವವಿದ್ಯಾಲಯದಲ್ಲಿ ಪಾಲಿತ್ ಹೆಸರಿನ ಪೀಠಕ್ಕೆ ಭೌತಶಾಸ್ತ್ರದ ಪ್ರೊಫೆಸರ್ ಆದರು. 1928ರ ಫೆಬ್ರವರಿ 28ರಂದು ರಾಮನ್ ಪರಿಣಾಮ ಕಂಡದ್ದು ಅದೇ ಬೌಬಜಾರಿನ ಕಟ್ಟಡದಲ್ಲಿ. 1930ರಲ್ಲಿ ನೊಬೆಲ್, 1933ರಲ್ಲಿ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿಗೆ. ಸಂಘ ಈಗ ಜಾದವ್‌ಪುರಕ್ಕೆ ಹೋಗಿದೆ, ಹಳೇ ಜಾಗದಲ್ಲಿ ಗೋಯೆಂಕಾ ಕಾಮರ್ಸ್ ಕಾಲೇಜು ಇದೆ. ಕಾಲೇಜ್ ಸ್ಟ್ರೀಟಿನ ದಕ್ಷಿಣ ತುದಿಯಿಂದ ನಡೆದು ಹೋಗಬಹುದು. ನೋಡಲು ಏನೂ ಇಲ್ಲ. ನಾನು ಮಾತ್ರ ಎರಡು ಸಲ ಹೋಗಿ ಗೇಟಿನ ಮುಂದೆ ನಿಂತು ಬಂದಿದ್ದೇನೆ.

ವಯಸ್ಸಾದವರು, ಸಣ್ಣ ಮಕ್ಕಳ ಜೊತೆ ಹೋಗಬಹುದಾ?

ಹೋಗಬಹುದು, ಆದರೆ ಫುಟ್‌ಪಾತ್ ಅಂಗಡಿಗಳ ಪಾಲಾಗಿದೆ, ರಸ್ತೆಯಲ್ಲೇ ನಡೆಯಬೇಕಾಗುತ್ತದೆ. ಮಕ್ಕಳ ಕೈ ಬಿಡಬೇಡಿ. ಕಾಫಿ ಹೌಸಿಗೆ ಮೆಟ್ಟಿಲು ಹತ್ತಲೇಬೇಕು. ಶೌಚಾಲಯದ ವ್ಯವಸ್ಥೆ ಕಡಿಮೆ, ರೂಮಿನಿಂದ ಹೊರಡುವಾಗಲೇ ನೋಡಿಕೊಳ್ಳಿ. ಕೈಗಾಡಿ ರಿಕ್ಷಾ ಇನ್ನೂ ಇಲ್ಲಿ ಓಡುತ್ತವೆ. ಮನುಷ್ಯನನ್ನು ಮನುಷ್ಯ ಎಳೆಯುವುದಕ್ಕೆ ನನ್ನ ಮನಸ್ಸು ಒಪ್ಪುವುದಿಲ್ಲ. ನಮ್ಮತ್ತೆ ಬಂದಾಗ ಮಂಡಿ ನೋವು ತಡೆಯಲಾರದೆ ಹತ್ತಿದರು. ಇಳಿದ ಮೇಲೆ ಅವನು ಕೇಳಿದ್ದಕ್ಕಿಂತ ಜಾಸ್ತಿ ಕೊಟ್ಟು, ದಾರಿಯುದ್ದಕ್ಕೂ ಮಾತಾಡಲಿಲ್ಲ.

ಸಮಯ ಉಳಿದರೆ ಹತ್ತಿರದಲ್ಲಿ ಇನ್ನೇನಿದೆ?

ಉಳಿಯಬಾರದು! ಉಳಿದರೆ ಜೋಡಾಸಾಂಕೋ, ರವೀಂದ್ರನಾಥ ಠಾಕೂರರ ಮನೆ. ಸೋಮವಾರ ರಜ. ಅವರ ಅಣ್ಣ ಸತ್ಯೇಂದ್ರನಾಥ ನಮ್ಮ ಕಾರವಾರದಲ್ಲಿ ಜಡ್ಜ್ ಆಗಿದ್ದರು. ಅಣ್ಣನ ಜೊತೆ ಇರಲು ಬಂದ ಯುವಕ ರವೀಂದ್ರರು ಅಲ್ಲಿನ ಕಡಲತೀರದಲ್ಲಿ ಓಡಾಡಿ ಒಂದು ನಾಟಕ ಬರೆದರು. ಕಾರವಾರದ ಬೀಚಿಗೆ ಅವರ ಹೆಸರು ಬಂದದ್ದು ಹಾಗೆ. ಬಿಧಾನ್ ಸರಣಿಯ ಕಡೆ ನಡೆದರೆ ಠನ್‌ಠನಿಯಾ ಕಾಳಿ ಗುಡಿ, ಇನ್ನೂ ಮುಂದೆ ವಿವೇಕಾನಂದರು ಹುಟ್ಟಿದ ಮನೆ. ಎಲ್ಲವನ್ನೂ ಒಂದೇ ದಿನಕ್ಕೆ ತುರುಕಬೇಡಿ.

ಸಂಜೆ ಎಷ್ಟು ಹೊತ್ತಿಗೆ ಹೊರಡಬೇಕು?

ಏಳರ ಹೊತ್ತಿಗೆ ಅಂಗಡಿಯವರು ಒಬ್ಬೊಬ್ಬರಾಗಿ ಹಲಗೆ ಜೋಡಿಸಲು ಶುರು ಮಾಡುತ್ತಾರೆ. ಆಗ ಮೆಟ್ರೋದಲ್ಲಿ ಕಾಲಿಡಲು ಜಾಗ ಇರುವುದಿಲ್ಲ, ಕೈಯಲ್ಲಿ ಪುಸ್ತಕದ ಕಟ್ಟು ಬೇರೆ. ಅದಕ್ಕೆ ನಾನು ಇನ್ನೊಂದು ಸಲ ಕಾಫಿ ಹೌಸ್ ಮೆಟ್ಟಿಲು ಹತ್ತಿ, ಒಂದು ಇನ್‌ಫ್ಯೂಷನ್ ಹೇಳಿ, ಕೊಂಡ ಪುಸ್ತಕದ ಪುಟ ಎಣಿಸುತ್ತಾ ಎಂಟರವರೆಗೆ ಕೂರುತ್ತೇನೆ. ಕಡಿಮೆ ಬಿದ್ದರೆ ವಾಪಸ್ ಕೊಡಲು ಅಂಗಡಿ ಕೆಳಗೇ ಇರುತ್ತದೆ.